ಕಾಫಿ ದುಡ್ಡು ಮತ್ತು ಹಾಯಿ ಹಡಗು: ಸೋಮವಾರಪೇಟೆ ಕಡೆಯ ಒಂದು ಪ್ರಕರಣ

ಹುಡುಗನಿಗೆ ಹದಿನೆಂಟು ತುಂಬಿತ್ತು. ದ್ವಿತೀಯ ಪಿಯುಸಿ, ವಿಜ್ಞಾನ. ಮನೆ ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸಣ್ಣ ಅರೇಬಿಕಾ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗಡೆ ಒಂದಿಷ್ಟು ಗದ್ದೆ. ತಾತ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಕೊಡಗಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಆದರೆ ಈ ಹುಡುಗನಿಗೆ ಹಿಡಿದಿದ್ದು ಸೇನೆಯ ಹುಚ್ಚಲ್ಲ, ಹಾಯಿ ಹಡಗಿನ ಹುಚ್ಚು.

ನಾನು ನೌಕಾಪಡೆಯಿಂದ ನಿವೃತ್ತನಾಗಿ ಕುಶಾಲನಗರದಲ್ಲಿ ನೆಲೆಸಿದವನು. ಸಮುದ್ರದ ವಿಷಯ ಬಂದರೆ ಈ ಭಾಗದ ಜನ ನನ್ನ ಮನೆಗೆ ದಾರಿ ತೋರಿಸುತ್ತಾರೆ. ಹಾಗೆ ಬಂದ ಪ್ರಕರಣ ಇದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ.

ಅಪ್ಪ ಬಂದಿದ್ದು ಒಂದು ರಸೀದಿ ಹಿಡಿದುಕೊಂಡು. ಬೆಂಗಳೂರಿನ ಒಬ್ಬ ಏಜೆಂಟನಿಗೆ ಕೊಟ್ಟ ಮುಂಗಡದ ರಸೀದಿ ಅದು. ಯುರೋಪಿನಲ್ಲಿ ಒಂದು ಟಾಲ್ ಶಿಪ್, ಅಂದರೆ ಎತ್ತರದ ಕಂಬಗಳ ದೊಡ್ಡ ಹಾಯಿ ಹಡಗಿನ ಮೇಲೆ ಎರಡು ವಾರ ತರಬೇತಿ, ಕೊನೆಗೆ ಸರ್ಟಿಫಿಕೇಟ್, ಅದನ್ನು ತೋರಿಸಿದರೆ ಹಡಗು ಕಂಪನಿಯಲ್ಲಿ ಕೆಲಸ ಎಂದು ಮಾತಾಗಿತ್ತು. ಬಾಕಿ ಹಣಕ್ಕೆ ಫೆಬ್ರವರಿ ಕೊನೆಯ ಗಡುವು. ಅರೇಬಿಕಾ ಕೊಯ್ಲು ಮುಗಿದು ಕೈಗೆ ದುಡ್ಡು ಬರುವ ಹೊತ್ತು ಯಾವುದು ಅಂತ ಏಜೆಂಟನಿಗೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

"ಸರ್, ಕೊಡಬಹುದಾ?" ಅಂತ ಅಪ್ಪ ಕೇಳಿದರು. ಅವರ ಪ್ರಶ್ನೆ ಅಷ್ಟೇ. ತಾತನ ಪ್ರಶ್ನೆ ಬೇರೆ. "ಪೆನ್ಷನ್ ಇದೆಯಾ?" ಅಮ್ಮ ಬಂದಿರಲಿಲ್ಲ, ಫೋನಿನಲ್ಲಿ ಮಾತಾಡಿದರು. "ಆವತ್ತು ಸೇತುವೆಗೆ ಗುದ್ದಿ ಕಂಬ ಮುರೀತಲ್ಲ, ಆ ಥರದ ಹಡಗೇನಾ ಇದು?"

ಹುಡುಗ ಮಾತ್ರ ಏನನ್ನೂ ಕೇಳಲಿಲ್ಲ. ಅವನಿಗೆ ಹೋಗಬೇಕಿತ್ತು, ಅಷ್ಟೇ.

ಒಂದೇ ವಾರದ ಎರಡು ಸುದ್ದಿ

ಅಮ್ಮನ ಮಾತಿಗೆ ಹಿನ್ನೆಲೆ ಇತ್ತು. 2025ರ ಮೇ 17ರಂದು ಮೆಕ್ಸಿಕೋ ನೌಕಾಪಡೆಯ ತರಬೇತಿ ಹಡಗು ಕ್ವೌಟೆಮೋಕ್ ನ್ಯೂಯಾರ್ಕಿನ ಬಂದರಿನಿಂದ ಹೊರಟಿತು. ಮುಂದಕ್ಕೆ ಹೋಗಬೇಕಾದದ್ದು ಹಿಂದಕ್ಕೆ ಸರಿದು ಬ್ರೂಕ್ಲಿನ್ ಸೇತುವೆಯ ಅಡಿಗೆ ಹೋಯಿತು. ಮೂರೂ ಹಾಯಿಕಂಬಗಳ ಮೇಲ್ಭಾಗ ಮುರಿದವು. ಹಡಗಿನಲ್ಲಿ 277 ಜನ ಇದ್ದರು. ಬಂದರಿಗೆ ಗೌರವ ಸೂಚಿಸಲು ಕೆಲವರು ಕಂಬದ ಅಡ್ಡಮರಗಳ ಮೇಲೆ ಸಾಲಾಗಿ ನಿಂತಿದ್ದರು. ಇಬ್ಬರು ಸತ್ತರು. ಆ ವಿಡಿಯೊ ನಮ್ಮ ಹಳ್ಳಿಗಳ ವಾಟ್ಸಾಪ್ ಗುಂಪುಗಳಿಗೂ ಬಂತು. ಅಮ್ಮ ನೋಡಿದ್ದು ಅದನ್ನು.

ಮಗ ನೋಡಿದ್ದು ಇನ್ನೊಂದನ್ನು. ಅದೇ ವಾರ, ಮೇ 21ರಂದು, ನಮ್ಮದೇ ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಅಜಂತಾದ ಒಂದು ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡು ಕಟ್ಟಿದ ಹಡಗು ಅದು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ತಿಂಗಳ ಕೊನೆಗೆ ಇನ್ನೊಂದು ಸುದ್ದಿ. ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳು ತಾರಿಣಿ ಎಂಬ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿ ಗೋವಾಕ್ಕೆ ಮರಳಿದರು. 2024ರ ಅಕ್ಟೋಬರ್ 2ರಂದು ಹೊರಟವರು ಅವರು. ಹುಡುಗ ಇವನ್ನೆಲ್ಲ ಮೊಬೈಲಿನಲ್ಲಿ ಸೇರಿಸಿಟ್ಟುಕೊಂಡಿದ್ದ.

ಡಿಸೆಂಬರ್ 29ರಂದು ಕೌಂಡಿನ್ಯ ಪೋರಬಂದರಿನಿಂದ ಹೊರಟು ಜನವರಿಯಲ್ಲಿ ಮಸ್ಕತ್ ತಲುಪಿತು. ಮನೆಯಲ್ಲಿ ಆಗ ಕಾಫಿ ಕೊಯ್ಲು. ಏಜೆಂಟ್ ಆ ಪತ್ರಿಕೆ ತುಣುಕನ್ನೇ ಅಪ್ಪನಿಗೆ ಕಳಿಸಿದ್ದ. "ಈಗ ಹಾಯಿ ಹಡಗಿಗೆ ಭಾರೀ ಡಿಮ್ಯಾಂಡ್" ಎಂಬ ಸಾಲು ಜೊತೆಗೆ. ಕೌಂಡಿನ್ಯ ಹೋಗಿದ್ದು ನಿಜ. ಆದರೆ ಅದರ ಸಿಬ್ಬಂದಿ ಆಗಲೇ ನೌಕಾಪಡೆಯಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದವರು. ಹಾಯಿ ಹಡಗು ಅವರಿಗೆ ಕೆಲಸ ಕೊಡಿಸಲಿಲ್ಲ.

ಕಾಗದದಲ್ಲಿ ಕಲಸಿಹೋಗಿದ್ದೇನು

ಏಜೆಂಟ್ ಕೊಟ್ಟ ಕರಪತ್ರವನ್ನು ನಾವು ನಾಲ್ಕೂ ಜನ ಕೂತು ಸಾಲು ಸಾಲಾಗಿ ಓದಿದೆವು. ಮೂರು ಬೇರೆ ಬೇರೆ ವಿಷಯಗಳು ಅದರಲ್ಲಿ ಕಲಸಿಹೋಗಿದ್ದವು. ವ್ಯಾಪಾರಿ ಹಡಗಿನ ಕೆಲಸ, ನೌಕಾಪಡೆಯ ಕೆಲಸ, ಸೇಲ್ ಟ್ರೈನಿಂಗ್ ಎಂಬ ಹಾಯಿ ಹಡಗಿನ ತರಬೇತಿ. ಚಿತ್ರ ಒಂದರದು, ಮಾತು ಇನ್ನೊಂದರದು, ದುಡ್ಡು ಮೂರನೆಯದಕ್ಕೆ.

ವ್ಯಾಪಾರಿ ಹಡಗಿನ ದಾರಿ ನಮ್ಮ ದೇಶದಲ್ಲಿ ಸ್ಪಷ್ಟವಾಗಿದೆ. ಹಡಗು ಮಹಾನಿರ್ದೇಶನಾಲಯ ಮಾನ್ಯ ಮಾಡಿದ ಸಂಸ್ಥೆಯಲ್ಲೇ ಓದಬೇಕು. ಡೆಕ್ ಅಧಿಕಾರಿ, ಅಂದರೆ ಹಡಗನ್ನು ದಾರಿ ನೋಡಿ ನಡೆಸುವ ಅಧಿಕಾರಿ ಆಗಬೇಕಾದವರು ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆದು ಒಂದು ವರ್ಷದ ಡಿಎನ್‌ಎಸ್ (ಡಿಪ್ಲೊಮಾ ಇನ್ ನಾಟಿಕಲ್ ಸೈನ್ಸ್) ಕೋರ್ಸ್ ಸೇರುತ್ತಾರೆ. ಆಮೇಲೆ ಹಡಗಿನಲ್ಲಿ 18 ತಿಂಗಳು ಕೆಡೆಟ್. ಹತ್ತನೇ ತರಗತಿ ಮುಗಿಸಿದವರಿಗೆ ಜಿಪಿ ರೇಟಿಂಗ್ ಅಂತ, ಸಾಮಾನ್ಯ ನಾವಿಕನಾಗಲು ಆರು ತಿಂಗಳ ಕೋರ್ಸ್ ಇದೆ. ಕೆಲಸಕ್ಕೆ ಕಳಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಬೇಕು. ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ದುಡ್ಡು ತೆಗೆದುಕೊಳ್ಳುವ ಹಾಗೇ ಇಲ್ಲ. ಪರವಾನಗಿ ಇರುವವರ ಪಟ್ಟಿ ನಿರ್ದೇಶನಾಲಯದ ಜಾಲತಾಣದಲ್ಲಿದೆ. ಹುಡುಗ ಅಲ್ಲೇ ಮೊಬೈಲ್ ತೆಗೆದು ಹುಡುಕಿದ. ಈ ಏಜೆಂಟನ ಹೆಸರು ಸಿಗಲಿಲ್ಲ.

ಅಪ್ಪ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೆ ನೋಡಿದರು. ಕಾಗುಣಿತ ತಪ್ಪಿರಬಹುದು ಅಂತ ಬೇರೆ ಥರ ಬರೆದು ಹುಡುಕಿಸಿದರು. ಮುಂಗಡ ಕೊಟ್ಟವರಿಗೆ ಆ ಆಸೆ ಇರುವುದೇ.

ಇನ್ನು ನೌಕಾಪಡೆಯ ಮಾತು. ನಮ್ಮಲ್ಲೂ ಹಾಯಿ ತರಬೇತಿ ಹಡಗುಗಳಿವೆ. ಐಎನ್‌ಎಸ್ ತರಂಗಿಣಿ ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿದ್ದು, ವಿನ್ಯಾಸ ಬ್ರಿಟನ್ನಿನ ಕಾಲಿನ್ ಮ್ಯೂಡಿ ಅವರದು. 1997ರ ನವೆಂಬರ್ 11ರಂದು ಸೇವೆಗೆ ಸೇರಿತು. 54 ಮೀಟರ್ ಉದ್ದ, ಮೂರು ಕಂಬ, 20 ಹಾಯಿ. 2003-04ರಲ್ಲಿ ಪ್ರಪಂಚ ಸುತ್ತಿ ಬಂತು. ಅದರ ತಂಗಿಯಂತಿರುವ ಸುದರ್ಶಿನಿ 2012ರಲ್ಲಿ ಸೇರಿತು. ಎರಡರ ನೆಲೆಯೂ ಕೊಚ್ಚಿ. ಆದರೆ ಟಿಕೆಟ್ ತೆಗೆದು ಹತ್ತುವ ಹಡಗುಗಳಲ್ಲ ಇವು. ಮೊದಲು ನೌಕಾಪಡೆ ಸೇರಬೇಕು, ಆಮೇಲೆ ಹಾಯಿ.

ಹಾಗಾದರೆ ಏಜೆಂಟ್ ಮಾರುತ್ತಿದ್ದದ್ದು ಏನು? ಮೂರನೆಯದು. ಅದು ಸುಳ್ಳು ಸರಕಲ್ಲ. ಅದರ ಮೇಲೆ ಅಂಟಿಸಿದ ಚೀಟಿ ಸುಳ್ಳು.

ಸೇಲ್ ಟ್ರೈನಿಂಗ್ ಎಂದರೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಡಗಿನಲ್ಲಿ ಕೂತವರಿಗೆ ಇದರ ಕಲ್ಪನೆ ಬರುವುದು ಕಷ್ಟ, ಅಲ್ವಾ?

1956ರಲ್ಲಿ ಇಂಗ್ಲೆಂಡಿನ ಟಾರ್‌ಬೇಯಿಂದ ಪೋರ್ಚುಗಲ್ಲಿನ ಲಿಸ್ಬನ್‌ವರೆಗೆ ಹಾಯಿ ತರಬೇತಿ ಹಡಗುಗಳ ಒಂದು ಪಂದ್ಯ ನಡೆಯಿತು. ಆ ಯೋಚನೆ ಲಂಡನ್ನಿನ ಬರ್ನಾರ್ಡ್ ಮಾರ್ಗನ್ ಎಂಬ ವಕೀಲರದು. ದೊಡ್ಡ ಹಾಯಿ ಹಡಗುಗಳ ಕಾಲ ಮುಗಿಯಿತು, ಕೊನೆಯದಾಗಿ ಒಮ್ಮೆ ಎಲ್ಲರೂ ಸೇರಿ ಬೀಳ್ಕೊಡೋಣ ಎಂಬುದು ಲೆಕ್ಕ. ಜನಕ್ಕೆ ಅದು ಎಷ್ಟು ಹಿಡಿಸಿತು ಅಂದರೆ ಬೀಳ್ಕೊಡುಗೆ ಇನ್ನೂ ಮುಗಿದಿಲ್ಲ. ಟಾಲ್ ಶಿಪ್ಸ್ ರೇಸ್ ಎಂಬ ಹೆಸರಿನಲ್ಲಿ ಯುರೋಪಿನ ಬೇಸಿಗೆಯಲ್ಲಿ ಈಗಲೂ ನಡೆಯುತ್ತದೆ. ಸೇಲ್ ಟ್ರೈನಿಂಗ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ನಡೆಸುತ್ತದೆ. ನಮ್ಮ ತರಂಗಿಣಿಯೂ ಅಂಥ ಕೂಟಗಳಿಗೆ ಹೋಗಿ ಬಂದಿದೆ.

ಅಲ್ಲಿನ ಮುಖ್ಯ ನಿಯಮ ನನಗೆ ಬಹಳ ಇಷ್ಟ. ಹಡಗಿನಲ್ಲಿರುವವರಲ್ಲಿ ಕನಿಷ್ಠ ಅರ್ಧ ಜನ 15ರಿಂದ 25 ವರ್ಷದೊಳಗಿನವರಾಗಿರಬೇಕು. ಅನುಭವ ಬೇಕಿಲ್ಲ. ಹಗ್ಗದ ಒಂದು ಗಂಟು ಹಾಕಲು ಬಾರದವರೂ ಬರಬಹುದು. ಆದರೆ ಬಂದ ಮೇಲೆ ಅವರು ಪ್ರವಾಸಿಗರಲ್ಲ, ಸಿಬ್ಬಂದಿ. ಮೊದಲು ಬಂದ ಹಡಗಿಗೆ ಬಹುಮಾನ ಇದೆ. ಆದರೆ ಎಲ್ಲರೂ ಬಾಯಲ್ಲಿ ನೀರೂರಿಸುವುದು ಸ್ನೇಹದ ಟ್ರೋಫಿಗೆ. ದೇಶ ದೇಶಗಳ ನಡುವೆ ಒಳ್ಳೆಯ ಬಾಂಧವ್ಯ ಬೆಳೆಸಿದ ಹಡಗು ಯಾವುದು ಅಂತ ಹಡಗಿನವರೇ ಮತ ಹಾಕಿ ಆರಿಸುತ್ತಾರೆ. ಎರಡು ಪಂದ್ಯಗಳ ನಡುವೆ ಸುಮ್ನೆ ಜೊತೆಯಾಗಿ ಸಾಗುವ ಒಂದು ಹಂತವೂ ಇರುತ್ತದೆ. ಆಗ ಒಂದು ಹಡಗಿನ ಹುಡುಗರು ಇನ್ನೊಂದು ಹಡಗಿಗೆ ಹೋಗಿ ಇದ್ದು ಬರುತ್ತಾರೆ.

ದಿನಚರಿ ಪಾಳಿಯ ಮೇಲೆ ನಡೆಯುತ್ತದೆ. ಸಾಮಾನ್ಯವಾಗಿ ಮೂರು ತಂಡ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ಬಿಡುವು ಅಂದರೆ ನಿದ್ದೆ ಮಾತ್ರ ಅಲ್ಲ. ಅಡುಗೆಮನೆ, ಪಾತ್ರೆ, ಡೆಕ್ ಉಜ್ಜುವುದು, ಶೌಚಾಲಯ ತೊಳೆಯುವುದು ಎಲ್ಲ ಅದರಲ್ಲೇ. ಪಾಳಿಯಲ್ಲಿ ಒಬ್ಬ ಚುಕ್ಕಾಣಿ ಹಿಡಿಯುತ್ತಾನೆ, ಒಬ್ಬಳು ಮುಂದೆ ನಿಂತು ದೀಪ ನೋಡುತ್ತಾಳೆ, ಉಳಿದವರು ಹಗ್ಗ. ದೊಡ್ಡ ಹಾಯಿಯ ಹಗ್ಗ ಎಳೆಯಲು ಎಂಟು ಹತ್ತು ಜನ ಬೇಕು. ಎಷ್ಟೇ ಗಟ್ಟಿಮುಟ್ಟಾದವನಿಗೂ ಒಬ್ಬನೇ ಆಗುವುದಿಲ್ಲ. ಒಬ್ಬ ತಡವಾಗಿ ಎದ್ದು ಬಂದರೆ ಇನ್ನೊಂದು ತಂಡ ಚಳಿಯಲ್ಲಿ ಕಾಯುತ್ತಾ ನಿಂತಿರುತ್ತದೆ. ಯಾರೂ ಭಾಷಣ ಮಾಡಬೇಕಿಲ್ಲ, ಎರಡನೇ ರಾತ್ರಿಯಿಂದ ತಾನಾಗಿಯೇ ಏಳುತ್ತಾರೆ.

ಎರಡು ವಾರದಲ್ಲಿ ಮನುಷ್ಯನೇ ಬದಲಾಗಿಬಿಡುತ್ತಾನೆ ಎಂದು ಕರಪತ್ರಗಳು ಹೇಳುತ್ತವೆ. ನಾನು ನಂಬುವುದಿಲ್ಲ. ಹಡಗಿನಿಂದ ಇಳಿದು ಅದೇ ಸೋಮಾರಿತನಕ್ಕೆ ಮರಳಿದವರನ್ನು ನೋಡಿದ್ದೇನೆ. ನಿಜವಾಗಿ ಆಗುವುದು ಇನ್ನೂ ಚಿಕ್ಕದು. ಮನೆಯಲ್ಲಿ ಎಲ್ಲವನ್ನೂ ಹಿರಿಯರು ತೀರ್ಮಾನಿಸುವಾಗ ಸುಮ್ಮನಿದ್ದು ಅಭ್ಯಾಸವಾದ ಹುಡುಗನ ಕೈಗೆ ರಾತ್ರಿ ಎರಡು ಗಂಟೆಗೆ ಚುಕ್ಕಾಣಿ ಬರುತ್ತದೆ. ಕೆಳಗೆ ನಲವತ್ತು ಜನ ಮಲಗಿರುತ್ತಾರೆ. ಪಕ್ಕದಲ್ಲಿ ಅಧಿಕಾರಿ ಇರುತ್ತಾರೆ, ಆದರೆ ಕೈ ಇವನದು. ಅದನ್ನು ಬೇರೆ ಎಲ್ಲೂ ಅಷ್ಟು ಬೇಗ ಕೊಡುವುದಿಲ್ಲ.

ಇದಕ್ಕೂ ಸರ್ಟಿಫಿಕೇಟ್ ಕೊಡುತ್ತಾರೆ. ಗೋಡೆಗೆ ಹಾಕಿಕೊಳ್ಳಬಹುದು. ಭಾರತದಲ್ಲಿ ಹಡಗಿನ ಕೆಲಸಕ್ಕೆ ಅದು ದಾರಿಯಲ್ಲ. ತಾತನ ಪ್ರಶ್ನೆಗೂ ಉತ್ತರ ಅದೇ. ಪೆನ್ಷನ್ ಇಲ್ಲ, ಸಂಬಳವೂ ಇಲ್ಲ, ನಾವೇ ದುಡ್ಡು ಕೊಟ್ಟು ಶೌಚಾಲಯ ತೊಳೆಯಬೇಕು. ತಾತ ಜೋರಾಗಿ ನಕ್ಕರು. "ನಮಗೆ ಸಂಬಳ ಕೊಟ್ಟು ತೊಳೆಸಿದ್ರು" ಅಂದರು.

ಕಣ್ಣಿನ ಪರೀಕ್ಷೆ

ಕೆಲಸದ ಮಾತು ಬೇರೆ, ಹಡಗಿನ ಮಾತು ಬೇರೆ ಅಂತ ತೀರ್ಮಾನವಾಯಿತು. ಆಗ ಅಪ್ಪ ಸರಿಯಾದ ಪ್ರಶ್ನೆ ಕೇಳಿದರು. ಹಾಗಾದರೆ ಡಿಎನ್‌ಎಸ್‌ಗೇ ಹಾಕಿಸೋಣವೇ? ಹುಡುಗನ ಗಣಿತ, ಭೌತಶಾಸ್ತ್ರ ಚೆನ್ನಾಗಿತ್ತು.

ಫೀಸಿನ ಮಾತಿಗೆ ಮೊದಲು ಕಣ್ಣು ತೋರಿಸಿ ಬನ್ನಿ ಎಂದೆ. ಸಮುದ್ರದ ಕೆಲಸ ಕೇಳಿಕೊಂಡು ಬಂದ ಎಲ್ಲರಿಗೂ ನಾನು ಹೇಳುವುದು ಅದನ್ನೇ. ಜಾಸ್ತಿ ಖರ್ಚಿಲ್ಲ, ಅರ್ಧ ದಿನದ ಕೆಲಸ. ಮಡಿಕೇರಿಯಲ್ಲಿ ವೈದ್ಯರು ಇಶಿಹಾರ ಪುಸ್ತಕ ತೋರಿಸಿದರು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಟಗಳು ಅವು. ಹುಡುಗನಿಗೆ ಹಲವು ಪುಟಗಳಲ್ಲಿ ಅಂಕಿಯೇ ಕಾಣಲಿಲ್ಲ. ಕೆಂಪು ಹಸಿರಿನ ವ್ಯತ್ಯಾಸ ಹಿಡಿಯುವುದರಲ್ಲಿ ತೊಂದರೆ ಇತ್ತು. ಹದಿನೆಂಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಹಣ್ಣಾದ ಕಾಫಿ ಬಿಡಿಸುವಾಗ ಕಾಯಿಯನ್ನೂ ಸೇರಿಸುತ್ತಾನೆ ಅಂತ ಬೈಸಿಕೊಳ್ಳುತ್ತಿದ್ದನಂತೆ. ಸೋಮಾರಿ ಅಂದುಕೊಂಡಿದ್ದರು.

ಡೆಕ್ ಅಧಿಕಾರಿಯ ದಾರಿ ಅಲ್ಲಿಗೆ ಮುಚ್ಚಿತು. ಇದು ಕಾಗದದ ಹಠವಲ್ಲ. ರಾತ್ರಿ ಹಡಗಿನ ಎಡಗಡೆ ಕೆಂಪು ದೀಪ, ಬಲಗಡೆ ಹಸಿರು. ನಿಮ್ಮ ಬಲಗಡೆಯಿಂದ ಇನ್ನೊಂದು ಹಡಗು ಅಡ್ಡ ಬರುತ್ತಿದ್ದರೆ ನಿಮಗೆ ಕಾಣುವುದು ಅದರ ಕೆಂಪು. ಆಗ ದಾರಿ ಬಿಡಬೇಕಾದವರು ನೀವು. ಹಸಿರು ಕಂಡರೆ ಲೆಕ್ಕವೇ ಬೇರೆ. ಎರಡನ್ನೂ ಬೇರೆ ಮಾಡಲಾಗದ ಕಣ್ಣನ್ನು ಅಲ್ಲಿ ಒಬ್ಬನೇ ನಿಲ್ಲಿಸುವುದು ಅಪಾಯ. ನೌಕಾಪಡೆಯಲ್ಲೂ ಬಣ್ಣದ ದೃಷ್ಟಿಯ ನಿಯಮ ಬಿಗಿ.

ಏಜೆಂಟ್ ಕಣ್ಣಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಅವನ ಅರ್ಜಿಯಲ್ಲಿ ರಕ್ತದ ಗುಂಪಿಗೆ ಜಾಗ ಇತ್ತು, ಟೀಶರ್ಟ್ ಅಳತೆಗೆ ಜಾಗ ಇತ್ತು.

ಇಲ್ಲಿಂದ ಪ್ರಕರಣ ತಿರುಗಿತು. ಕೆಲಸದ ಆಸೆ ಹೋದ ಮೇಲೆ ಹುಡುಗನೂ ಸುಮ್ಮನಾಗುತ್ತಾನೆ ಅಂತ ಅಪ್ಪ ಅಂದುಕೊಂಡಿದ್ದರು. ಅವನು ಸುಮ್ಮನಾಗಲಿಲ್ಲ. ಒಂದು ವಾರ ಬಿಟ್ಟು ಒಬ್ಬನೇ ಬಸ್ಸಿನಲ್ಲಿ ನನ್ನ ಮನೆಗೆ ಬಂದ. "ಸರ್, ಕೆಲಸ ಬೇಡ. ಸೇಲ್ ಟ್ರೈನಿಂಗ್‌ಗಾದ್ರೂ ನನ್ನ ಕಣ್ಣು ನಡೆಯುತ್ತಾ?"

ನಡೆಯುತ್ತದೆ. ತರಬೇತಿಗೆ ಬಂದವರ ವೈದ್ಯಕೀಯ ಅರ್ಜಿಯಲ್ಲಿ ಮುಚ್ಚಿಡದೆ ಬರೆದರೆ ಸಾಕು. ದೀಪ ನೋಡುವ ಪಾಳಿಯಲ್ಲಿ ಅಧಿಕಾರಿ ಹೇಗೂ ಜೊತೆಗಿರುತ್ತಾರೆ. ಕೈಕಾಲಿನ ತೊಂದರೆ ಇರುವವರನ್ನೂ ಕರೆದೊಯ್ಯುವ ಹಡಗುಗಳಿವೆ. ಅವನ ಮುಖ ನೋಡಿದ ಮೇಲೆ ನನಗೆ ಪ್ರಕರಣದ ನಿಜವಾದ ಪ್ರಶ್ನೆ ಕಂಡಿತು. ಒಂದು ರೂಪಾಯಿಯೂ ವಾಪಸು ತಾರದ ವಿಷಯಕ್ಕೆ ಸಣ್ಣ ಬೆಳೆಗಾರನೊಬ್ಬ ದುಡ್ಡು ಹಾಕಬೇಕಾ?

ಅಮ್ಮನ ಪ್ರಶ್ನೆ

ಅದಕ್ಕೆ ಮೊದಲು ಅಮ್ಮನಿಗೆ ಉತ್ತರ ಕೊಡಬೇಕಿತ್ತು. ಏನೂ ಆಗುವುದಿಲ್ಲ ಅಂತ ನಾನು ಹೇಳಲಿಲ್ಲ. ಆಗಿದೆ. ಜರ್ಮನ್ ನೌಕಾಪಡೆಯ ಗೋರ್ಖ್ ಫೋಕ್ ಹಡಗಿನಲ್ಲಿ 2010ರಲ್ಲಿ ಒಬ್ಬ ತರುಣಿ ಕೆಡೆಟ್ ಕಂಬದ ಮೇಲಿಂದ ಬಿದ್ದು ತೀರಿಕೊಂಡಳು. ಬ್ರಿಟನ್ನಿನ ಮಾರ್ಕ್ವೆಸ್ 1984ರಲ್ಲಿ ಬರ್ಮುಡಾ ಬಳಿ ಟಾಲ್ ಶಿಪ್ ಪಂದ್ಯದಲ್ಲೇ ಮುಳುಗಿತು. 28 ಜನರಲ್ಲಿ 19 ಜನ ಹೋದರು. ಇನ್ನೊಂದು ಕಡೆಯೂ ಇದೆ. ಕೆನಡಾದ ಶಾಲಾ ಹಡಗು ಕಾಂಕೋರ್ಡಿಯಾ 2010ರಲ್ಲಿ ಬ್ರೆಜಿಲ್ ಬಳಿ ಮಗುಚಿತು. 64 ಜನರೂ ರಬ್ಬರಿನ ತೆಪ್ಪಗಳಲ್ಲಿ ಕಾದು ಬದುಕಿ ಬಂದರು. ಎಲ್ಲಿ ಇಳಿಯಬೇಕು, ಏನು ಹಾಕಿಕೊಳ್ಳಬೇಕು ಅಂತ ಮೊದಲೇ ಅಭ್ಯಾಸ ಮಾಡಿಸಿದ್ದು ಕೈ ಹಿಡಿಯಿತು.

ಆದ್ದರಿಂದ ಹಡಗನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳಿವೆ. ಮೊದಲ ದಿನ ಸುರಕ್ಷತೆಯ ಅಭ್ಯಾಸ ಇದೆಯೇ? ಕಂಬ ಹತ್ತುವುದು ಕಡ್ಡಾಯವೋ, ಇಷ್ಟವಿದ್ದರೆ ಮಾತ್ರವೋ? ಸೊಂಟದ ಬೆಲ್ಟಿನ ಕೊಕ್ಕೆಯನ್ನು ಎಲ್ಲಿಂದ ಹಾಕಿಕೊಳ್ಳುತ್ತಾರೆ? ಒಳ್ಳೆಯ ಹಡಗಿನವರು ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ತರಬೇತಿಗೆ ಬಂದವರನ್ನು ಹತ್ತಲೇಬೇಕು ಎಂದು ಒತ್ತಾಯಿಸುವ ಹಡಗಿಗೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ಕಂಬ ಹತ್ತುವುದನ್ನು ಅಮ್ಮನಿಗೆ ವಿವರಿಸಿದ್ದು ಮೆಣಸಿನ ಏಣಿಯಿಂದ. ಫೆಬ್ರವರಿ, ಮಾರ್ಚ್‌ನಲ್ಲಿ ಅವರ ತೋಟದಲ್ಲೇ ಒಂಟಿ ಬಿದಿರಿನ ಏಣಿ ಇಟ್ಟು ಸಿಲ್ವರ್ ಓಕ್ ಹತ್ತುತ್ತಾರೆ. ಈ ಹುಡುಗನೂ ಹತ್ತುತ್ತಾನೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು. ಹಡಗಿನಲ್ಲಿ ಏಣಿಯ ಬದಲು ಹಗ್ಗದ ಜಾಲ. ಗಾಳಿ ಬರುವ ಕಡೆಯಿಂದಲೇ ಹತ್ತಬೇಕು, ಆಗ ಗಾಳಿ ಜಾಲದ ಕಡೆಗೆ ಒತ್ತುತ್ತದೆ. ಕೈ ಹಿಡಿಯಬೇಕಾದದ್ದು ಉದ್ದದ ದಪ್ಪ ಹಗ್ಗವನ್ನು, ಕಾಲಿಡುವ ಅಡ್ಡ ಹಗ್ಗವನ್ನಲ್ಲ. ಅಡ್ಡದ್ದು ತುಂಡಾದರೂ ಉದ್ದದ್ದು ಉಳಿಯುತ್ತದೆ. ಮರ ನಿಂತಲ್ಲೇ ಇರುತ್ತದೆ, ಕಂಬ ತೂಗುತ್ತದೆ. ಮೇಲೆ ಹೋದಷ್ಟೂ ತೂಗಾಟ ಜಾಸ್ತಿ. ಹಡಗಿನಲ್ಲಿ ಬೆಲ್ಟ್, ಕೊಕ್ಕೆ ಇಲ್ಲದೆ ಹತ್ತಲು ಬಿಡುವುದಿಲ್ಲ.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಮ್ಮಲ್ಲಿ ಎಲ್ಲಿದೆ ಬೆಲ್ಟು" ಅಂದರು. ಆ ವರ್ಷ ಮೆಣಸು ಕೊಯ್ಯುವವರಿಗೆ ಎರಡು ಬೆಲ್ಟ್ ತರಿಸಿದರು. ಈ ಇಡೀ ಪ್ರಕರಣದಲ್ಲಿ ನನಗೆ ಖುಷಿ ಕೊಟ್ಟ ಫಲಿತಾಂಶ ಅದೇ. ಯಾವ ಕರಪತ್ರದಲ್ಲೂ ಇಲ್ಲದ್ದು.

ಕಂಬದ ಮಾತು ಬಂದಾಗ ತಾತ ಒಂದು ವಿಷಯ ಎತ್ತಿದರು, ಅದು ನಿಜ. ಹಾಯಿಕಂಬದ ಮರ ಹಿಂದೆ ನಮ್ಮ ಘಟ್ಟಗಳಿಂದಲೇ ಹೋಗುತ್ತಿತ್ತು. ಸುರಹೊನ್ನೆಯ ಬಳಗದ ನೆಟ್ಟನೆಯ ಕಾಡುಮರಗಳನ್ನು ಬ್ರಿಟಿಷರು ಪೂನ್ ಸ್ಪಾರ್ ಎಂದು ಕರೆದು ಕಡಿಸಿ ಕರಾವಳಿಗೆ ಇಳಿಸುತ್ತಿದ್ದರು. ಸಮುದ್ರ ಕಾಣದ ಮಲೆನಾಡಿಗೂ ಹಡಗಿಗೂ ಅಷ್ಟರಮಟ್ಟಿನ ನಂಟಿದೆ.

ವಾಂತಿಯ ವಿಷಯ ಚಿಕ್ಕದು. ಸಂಪಾಜೆ ಘಾಟಿಯಲ್ಲಿ ಕಿಟಕಿ ಹಿಡಿದು ಕೂರುವವನು ಈ ಹುಡುಗ. ಹಡಗಿನಲ್ಲಿ ಬಹುಪಾಲು ಜನರಿಗೆ ಎರಡು ಮೂರು ದಿನದಲ್ಲಿ ಹೊಂದಿಕೆಯಾಗುತ್ತದೆ. ಕೆಳಗೆ ಮಲಗಿದರೆ ಜಾಸ್ತಿ. ಡೆಕ್ ಮೇಲೆ ನಿಂತು ದಿಗಂತ ನೋಡುತ್ತಾ ಕೆಲಸ ಮಾಡಿದರೆ ಕಡಿಮೆ. ಒಣ ಬಿಸ್ಕತ್ತು, ಶುಂಠಿ ಸಹಾಯ ಮಾಡುತ್ತವೆ. ಶುಂಠಿಗೆ ಈ ತಾಲ್ಲೂಕಿನಲ್ಲಿ ಬರವಿಲ್ಲ.

ಏನು ತೀರ್ಮಾನವಾಯಿತು

ಏಜೆಂಟನಿಗೆ ಬಾಕಿ ಕೊಡುವುದಿಲ್ಲ. ಮುಂಗಡ ವಾಪಸು ಕೇಳಬೇಕು. ಇದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಹಡಗಿನವರಿಗೇ ನೇರವಾಗಿ ಬರೆದು ಕೇಳಿದಾಗ ಅದೇ ಎರಡು ವಾರಕ್ಕೆ ಅವರು ಹೇಳಿದ ದರ ಏಜೆಂಟನ ದರದ ಅರ್ಧವೂ ಇರಲಿಲ್ಲ. ಅಷ್ಟು ಸುಲಭವಾಗಿ ಉತ್ತರ ಬರುತ್ತದೆ ಅಂತ ಅಪ್ಪನಿಗೆ ನಂಬಿಕೆಯೇ ಇರಲಿಲ್ಲ. ಹುಡುಗ ತನ್ನ ಇಂಗ್ಲಿಷಿನಲ್ಲೇ ಬರೆದಿದ್ದ, ಮೂರನೇ ದಿನ ಉತ್ತರ ಬಂತು.

ಆದರೂ ಆ ವರ್ಷವೇ ಹೋಗುವುದು ಬೇಡ ಅಂತ ನಾನು ಹೇಳಿದೆ. ಹುಡುಗನಿಗೆ ಕೋಪ ಬಂತು. ನನ್ನ ಕಾರಣ ದುಡ್ಡಿಗಿಂತ ಬೇರೆ. ಅವನು ಹಾಯಿ ಎಂಬುದನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದ. ತನಗೆ ಇಷ್ಟವಾಗಿರುವುದು ಹಾಯಿಯೋ, ವಿಡಿಯೊದ ಸಂಗೀತವೋ ಅಂತ ಅವನಿಗೇ ಗೊತ್ತಿರಲಿಲ್ಲ. ಸಣ್ಣ ದೋಣಿ ಅದನ್ನು ಒಂದೇ ದಿನದಲ್ಲಿ ಹೇಳುತ್ತದೆ. ದೊಡ್ಡ ಹಡಗಿನಲ್ಲಿ ನೀನು ತಪ್ಪು ಮಾಡಿದರೆ ಬೇರೆ ಯಾರೋ ಸರಿ ಮಾಡುತ್ತಾರೆ. ಇಬ್ಬರು ಕೂರುವ ದೋಣಿಯಲ್ಲಿ ತಪ್ಪು ಮಾಡಿದರೆ ನೀರಿಗೆ ಬೀಳುತ್ತೀಯ.

ಯುರೋಪಿನ ಕಾಗದಪತ್ರವೂ ಸಣ್ಣ ಕೆಲಸವಲ್ಲ. ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು, ಬ್ಯಾಂಕ್ ಲೆಕ್ಕ ತೋರಿಸಬೇಕು. ಇಂಥ ಯಾನ ಒಂದು ದೇಶದ ಬಂದರಿನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ನಡುವೆ ಬ್ರಿಟನ್ ಬಂದರೆ ಅದಕ್ಕೆ ಬೇರೆ ವೀಸಾ. ಇದನ್ನೆಲ್ಲ ಪಿಯುಸಿ ಪರೀಕ್ಷೆಯ ತಿಂಗಳಿನಲ್ಲಿ ಮಾಡಲು ಹೊರಟರೆ ಎರಡೂ ಕೆಡುತ್ತವೆ. ಪಂದ್ಯಗಳು ಜುಲೈ, ಆಗಸ್ಟ್‌ನಲ್ಲಿ. ನಮ್ಮಲ್ಲಿ ಆಗ ನಾಟಿ, ಜೊತೆಗೆ ಕಾಲೇಜು ಸೇರುವ ಗಡಿಬಿಡಿ.

ಹಾಗಾಗಿ ಮೊದಲು ಈಜು. ಹೊಳೆಯಲ್ಲಿ ಎದೆಮಟ್ಟದ ನೀರಿನಲ್ಲಿ ಆಡಿದವನು ಅವನು, ಆಳದಲ್ಲಿ ನಿಲ್ಲಲು ಬರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಈಜುಕೊಳಕ್ಕೆ ಸೇರಿಸಿದರು. ಹಾರಂಗಿ ಹಿನ್ನೀರಿನಲ್ಲೇ ಕಲಿಯುತ್ತೇನೆ ಅಂದ, ನಾನು ಬಿಡಲಿಲ್ಲ. ಆಮೇಲೆ ಮಳೆಗಾಲಕ್ಕೆ ಮೊದಲು ಗೋವಾದಲ್ಲಿ ಸಣ್ಣ ಹಾಯಿದೋಣಿಯ ಆರಂಭಿಕ ಕೋರ್ಸ್. ಅದರ ಖರ್ಚಿಗೆ ಮನೆಯಲ್ಲೇ ಮೆಣಸು ಕೊಯ್ದು ಕೂಲಿ ತೆಗೆದುಕೊಂಡ. ಅಪ್ಪ ಬೇರೆಯವರಿಗೆ ಕೊಡುವಷ್ಟೇ ಕೊಟ್ಟರು, ಒಂದು ರೂಪಾಯಿ ಜಾಸ್ತಿ ಇಲ್ಲ. ತಾತನ ಷರತ್ತು ಅದು.

ಗೋವಾದಲ್ಲಿ ಮೊದಲ ಪಾಠವೇ ದೋಣಿ ಮಗುಚುವುದು. ಬೇಕೆಂದೇ ಮಗುಚಿಸುತ್ತಾರೆ. ಅಡಿಯಿಂದ ಹೊರಬರುವ ಹಲಗೆಯ ಮೇಲೆ ಹತ್ತಿ ನಿಂತು ಮೈಭಾರ ಹಾಕಿ ದೋಣಿಯನ್ನು ಎತ್ತಬೇಕು. ಎರಡು ದಿನ ಅವನು ಫೋನ್ ಮಾಡಲಿಲ್ಲ. ಮೂರನೇ ದಿನ ಮಾಡಿದಾಗ ಹೇಳಿದ್ದು ಗಾಳಿಯ ವಿಷಯ ಒಂದೇ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲು ಆಗುವುದಿಲ್ಲ, ಓರೆಯಾಗಿ ಆ ಕಡೆ ಈ ಕಡೆ ತಿರುಗುತ್ತಾ ಹೋಗಬೇಕು ಎಂಬುದು ಪುಸ್ತಕದಲ್ಲಿ ಓದಿದ್ದನಂತೆ. ಕೈಯಲ್ಲಿ ಹಗ್ಗ ಎಳೆದಾಗ ಅದು ಅರ್ಥವಾಯಿತಂತೆ. ಹುಚ್ಚು ಸಂಗೀತದ್ದಲ್ಲ ಅಂತ ನನಗೆ ಆಗ ಖಾತ್ರಿಯಾಯಿತು.

ಕೋರ್ಸ್ ಮುಗಿದ ಮೇಲೂ ಅಲ್ಲೇ ಕೆಲವು ದಿನ ಉಳಿದ. ಹರಿದ ಹಾಯಿಗೆ ತೇಪೆ ಹಾಕುವುದು, ಹಗ್ಗದ ತುದಿ ಹೆಣೆಯುವುದು ನೋಡುತ್ತಾ ಕೂತಿದ್ದನಂತೆ. ಅದಕ್ಕೆ ಬಣ್ಣದ ಕಣ್ಣು ಬೇಕಿಲ್ಲ. ಇದರಲ್ಲಿ ದಾರಿ ಇದೆ ಅಂತ ನಾನು ಈಗಲೇ ಹೇಳಲಾರೆ. ತಾರಿಣಿಯನ್ನು ಕಟ್ಟಿದ್ದು ಗೋವಾದ ದಿವಾಡಿ ದ್ವೀಪದ ಅಕ್ವೇರಿಯಸ್ ಶಿಪ್‌ಯಾರ್ಡ್. ಹಾಯಿದೋಣಿ ಕಟ್ಟುವ, ರಿಪೇರಿ ಮಾಡುವ ಕೆಲಸ ದೇಶದಲ್ಲಿ ಇದೆ, ಆದರೆ ಜಾಗಗಳು ಕಡಿಮೆ.

ಈಗ ಎಲ್ಲಿದೆ

ಹುಡುಗ ಮೈಸೂರಿನಲ್ಲಿ ಡಿಗ್ರಿಗೆ ಸೇರಿದ್ದಾನೆ. ಎರಡು ಹಡಗುಗಳಿಗೆ ರಿಯಾಯಿತಿ ಸೀಟು ಕೇಳಿ ಬರೆದಿದ್ದ. ಒಂದರವರು ತಮ್ಮ ದೇಶದವರಿಗೆ ಮಾತ್ರ ಕೊಡುವುದು ಅಂದರು. ಇನ್ನೊಂದರವರು ಮುಂದಿನ ಬೇಸಿಗೆಯ ಕಾಯುವ ಪಟ್ಟಿಗೆ ಹಾಕಿದ್ದಾರೆ. ಯಾನದ ಖರ್ಚಿನಲ್ಲಿ ಒಂದು ಭಾಗ ಅವರದು, ವಿಮಾನದ ಟಿಕೆಟ್ ಇವನದು.

ದುಡ್ಡು ಹಾಕಬೇಕಾ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಅಪ್ಪನಿಗೆ ಹೇಳಿದ್ದೇನೆ. ಸಾಲ ಮಾಡಿ ಬೇಡ. ತೋಟ ಒಂದು ವರ್ಷ ಗೊಬ್ಬರ ಕಾಣದಂತೆ ಮಾಡಿ ಬೇಡ. ಹುಡುಗ ಅರ್ಧ ದುಡಿದು, ಮನೆಯವರು ಅರ್ಧ ಕೊಡುವಂತಾದರೆ ಹೋಗಲಿ. ಮದುವೆಯ ಊಟಕ್ಕೆ ಇದಕ್ಕಿಂತ ಜಾಸ್ತಿ ಹಾಕುತ್ತೇವೆ, ಅದು ಎಷ್ಟು ವಾಪಸು ಬಂತು ಅಂತ ಯಾರೂ ಕೇಳುವುದಿಲ್ಲ. ಅಪ್ಪ ಇದಕ್ಕೆ ಒಪ್ಪಿದರು ಅಂತಲೂ ಅಲ್ಲ, ಒಪ್ಪಲಿಲ್ಲ ಅಂತಲೂ ಅಲ್ಲ.

ಮುಂಗಡದ ಕಥೆ ಇನ್ನೂ ನಡೆಯುತ್ತಿದೆ. ಮೊದಲು ಏಜೆಂಟ್ ಫೋನ್ ಎತ್ತಲಿಲ್ಲ. ವಕೀಲರಿಂದ ನೋಟಿಸ್ ಹೋದ ಮೇಲೆ ಎರಡು ಕಂತಿನಲ್ಲಿ ಸ್ವಲ್ಪ ಹಣ ಬಂತು. ಉಳಿದದ್ದಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದಾರೆ. 2019ರ ಕಾಯ್ದೆಯ ಪ್ರಕಾರ ದೂರುದಾರ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ರಸೀದಿ, ಕರಪತ್ರ, ವಾಟ್ಸಾಪ್ ಮಾತುಕತೆ ಎಲ್ಲ ಜೋಡಿಸಿದ್ದಾರೆ. ಪರವಾನಗಿ ಪಟ್ಟಿಯ ಪ್ರತಿಯನ್ನೂ ಸೇರಿಸಿ ಎಂದಿದ್ದು ಹುಡುಗ.

ಆ ಹಣ ಬಂದರೆ ಏನು ಮಾಡಬೇಕು ಎಂಬುದರಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಅಪ್ಪನಿಗೆ ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ ಬೇಕು, ಮಗನಿಗೆ ವಿಮಾನದ ಟಿಕೆಟ್. ಅಮ್ಮ ಸದ್ಯಕ್ಕೆ ಪಂಪ್‌ಸೆಟ್ ಪರ. ತಾತ ಬಾಯಿ ಬಿಟ್ಟಿಲ್ಲ.